ಕುಬೀಕ್‌ನ ಬಾಲ

ಕುಬೀಕ್ ಎಂಬ ನೀರುನಾಯಿ ಸತ್ತದ್ದು ಗುರುವಾರ. ಅದನ್ನು ದತ್ತು ತೆಗೆದುಕೊಂಡಿದ್ದ ಮೂರನೇ ತರಗತಿಯ ಇಪ್ಪತ್ತೆರಡು ಮಕ್ಕಳು ನೋಡಲು ಬರುವುದು ಸೋಮವಾರ. ಮೊರಾವಿಯಾ ಪ್ರಾಂತ್ಯದ ಆ ಪುಟ್ಟ ಊರಿನ ಮೃಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಪ್ರಾಣಿಗಳನ್ನು ತೋರಿಸಿ ವಿವರಿಸುತ್ತಾ ಬಂದ ಲಿಬುಶೆಗೆ ಇಂಥ ದರಿದ್ರ ಸೋಮವಾರ ಇನ್ನೊಂದು ನೆನಪಿರಲಿಲ್ಲ.

"ಹೊಸ ನೀರುನಾಯಿ ಬಂದಿದೆಯಲ್ಲ, ಅದನ್ನೇ ತೋರಿಸಿಬಿಡಿ ಲಿಬುಶೆಯವರೇ," ಎಂದ ನಿರ್ದೇಶಕ ಹಿನೆಕ್, ಕಾಫಿ ಕಲಕುತ್ತಾ. "ಮಕ್ಕಳಿಗೆ ಎಲ್ಲಾ ಒಂದೇ."

"ಕುಬೀಕ್‌ದು ಮೋಟು ಬಾಲ. ಇದಕ್ಕೆ ಪೂರ್ತಿ ಇದೆ."

"ಬಾಲ ಯಾರು ನೋಡ್ತಾರೆ ಬಿಡಿ."

ಲಿಬುಶೆಗೆ ಮೈಯೆಲ್ಲ ಉರಿದುಹೋಯಿತು. ಬಾಲ ಯಾರು ನೋಡುತ್ತಾರಂತೆ. ಆ ಮಕ್ಕಳು ಚಳಿಗಾಲವಿಡೀ ಮೂಗು ಸೋರಿಸಿಕೊಂಡು ಮನೆಮನೆಗೆ ಅಲೆದು, ಹಳೇ ಪೇಪರು ಬೇಡಿ, ಕೈಗಾಡಿಯಲ್ಲಿ ತಳ್ಳಿ ಮಾರಿ, ಕುಬೀಕ್‌ಗೆ ವರ್ಷದ ಮೀನು ಕೊಡಿಸಿದ್ದರು. ಅದರ ಫೋಟೊ ಅವರ ತರಗತಿಯ ಗೋಡೆಯಲ್ಲಿತ್ತು. ನಿಜ ಹೇಳಿಯೇ ಬಿಡುತ್ತೇನೆ ಎಂದು ನಿರ್ಧರಿಸಿ ಅವಳು ಗೇಟಿನ ಕಡೆ ನಡೆದಳು.

ಬಸ್ಸಿಳಿದವಳೇ ಟೀಚರ್ ರಾಡ್ಕಾ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಹಿನೆಕ್ ಫೋನ್ ಮಾಡಿ ಎಲ್ಲಾ ಹೇಳಿದ್ರು. ದಮ್ಮಯ್ಯ, ಮಕ್ಕಳ ಮುಂದೆ ಸಾವಿನ ಮಾತು ಎತ್ತಬೇಡಿ. ಹೋದ ವರ್ಷ ಕ್ಲಾಸಲ್ಲಿದ್ದ ಗಿಳಿ ಸತ್ತಾಗ ಅಪ್ಪ ಅಮ್ಮಂದಿರು ನನ್ನನ್ನ ಹುರಿದು ಮುಕ್ಕಿಬಿಟ್ರು."

"ಅವರಿಗೆ ಎಂಟು ವರ್ಷ ರಾಡ್ಕಾ, ಎಂಟು ತಿಂಗಳಲ್ಲ."

"ಅವರು ಅತ್ರೆ ಸುಧಾರಿಸೋಳು ನಾನು ತಾನೇ?"

ಕೊಳದ ಸುತ್ತ ಮಕ್ಕಳು ಕಂಬಿಗೆ ಮೂಗು ಒತ್ತಿ ನಿಂತರು. ಹೊಸ ನೀರುನಾಯಿ ಬಂಡೆ ಹತ್ತಿ ಮೈ ಕೊಡವಿತು. ಉದ್ದನೆಯ ಬಾಲ ಬಂಡೆಯ ಮೇಲೆ ಹಗ್ಗದ ಹಾಗೆ ಬಿದ್ದುಕೊಂಡಿತು. ಗಲಾಟೆ ಒಮ್ಮೆಲೇ ನಿಂತಿತು. ಎಲ್ಲರೂ ಲಿಬುಶೆಯ ಮುಖ ನೋಡಿದರು. ನಿಜ ಹೇಳಲು ಅವಳು ಬಾಯಿ ತೆರೆದಳು. ಆದರೆ ಮಕ್ಕಳ ಹಿಂದೆ ರಾಡ್ಕಾಳ ಮುಖ ಈಗಲೋ ಆಗಲೋ ಅಳುವಂತಿತ್ತು.

"ಇದೇ ನೋಡಿ ನಿಮ್ಮ ಕುಬೀಕ್," ಎಂದುಬಿಟ್ಟಳು ಲಿಬುಶೆ. ತನ್ನ ನಾಲಿಗೆಯ ಮೇಲೆ ತನಗೇ ಅಸಹ್ಯವಾಯಿತು.

ಮುಂದಿದ್ದ ವೆಂಡುಲ ಎಂಬ ಹುಡುಗಿ ಕೇಳಿದಳು, "ಮತ್ತೆ ಬಾಲ?"

"ಬೆಳೆದಿದೆ ಪುಟ್ಟಿ," ಎಂದಳು ರಾಡ್ಕಾ ಥಟ್ಟನೆ. "ಅಲ್ವಾ ಲಿಬುಶೆಯವರೇ?"

ಪ್ರಾಣಿಶಾಸ್ತ್ರ ಓದಿದ ಲಿಬುಶೆ ಹೌದೆಂದು ತಲೆಯಾಡಿಸಿದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಒಬ್ಬ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ಒಬ್ಬರೂ ಮತ್ತೇನೂ ಕೇಳಲಿಲ್ಲ. ಅದೇ ಲಿಬುಶೆಯನ್ನು ಹೆಚ್ಚು ಕೆಣಕಿತು, ಏಕೆಂದರೆ ಪ್ರಶ್ನೆ ಕೇಳದ ಮೂರನೇ ತರಗತಿಯನ್ನು ಅವಳು ಈವರೆಗೆ ನೋಡಿರಲಿಲ್ಲ.

ಹೊರಡುವ ಮುನ್ನ ಎಲ್ಲರೂ 'ಇಂದು ನಾನು ಕಲಿತದ್ದು' ಎಂಬ ಹಾಳೆ ತುಂಬಿ ಲಿಬುಶೆಯಿಂದ ಮೊಹರು ಹಾಕಿಸಿಕೊಳ್ಳುವುದು ಪದ್ಧತಿ. ವೆಂಡುಲ ಕೊನೆಯವಳಾಗಿ ಬಂದಳು. ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ನೀರುನಾಯಿಯ ಬಾಲ ತುಂಡಾದರೆ ಮತ್ತೆ ಬೆಳೆಯುತ್ತದೆ.

ಮೊಹರು ಹಿಡಿದ ಕೈ ಮೇಲೆಯೇ ನಿಂತಿತು. "ಇದನ್ನ ಹೊಡೆದು ಹಾಕು ಮರಿ. ಬಾಲ ಬೆಳೆಯಲ್ಲ."

"ಗೊತ್ತು ಆಂಟಿ. ಕುಬೀಕ್ ಸತ್ತೋಗಿದೆ, ಅಲ್ವಾ?"

ಲಿಬುಶೆ ಹೂಂ ಎಂದಳು. "ಇನ್ನು ಯಾರಿಗೆ ಗೊತ್ತು?"

"ಎಲ್ಲರಿಗೂ. ಮಿಸ್‌ಗೆ ಹೇಳಬೇಡಿ, ಗಿಳಿ ಸತ್ತಾಗ ಅವರೇ ಎಲ್ಲರಿಗಿಂತ ಜಾಸ್ತಿ ಅತ್ತಿದ್ದು."

"ಮತ್ತೆ ಅಲ್ಲಿ ನಿಂತಾಗ ಯಾಕೆ ಸುಮ್ಮನಿದ್ರಿ?"

ವೆಂಡುಲ ಹಾಳೆಯನ್ನು ಮೊಹರಿನ ಕೆಳಗೆ ಸರಿಯಾಗಿ ಸರಿಸಿದಳು. "ನೀವು ಹೇಳ್ತೀರೇನೋ ಅಂತ ಕಾದ್ವಿ," ಎಂದಳು.