ಹತ್ತನೆಯ ಒಲೆ

ಉದ್ಯೋಗ ಇಲಾಖೆಯ ಕಟ್ಟಡದಲ್ಲಿ ಯಾವ ಮಹಡಿಯಲ್ಲಿ ಯಾರು ಕೂರುತ್ತಾರೆ ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎಲ್ಲಕ್ಕಿಂತ ಮೇಲೆ ಹೂಡಿಕೆ ತರುವವರು. ಅಲ್ಲಿ ಎಸಿ ಇದೆ, ದೊಡ್ಡ ಕಂಪನಿಯವರು ಬಂದರೆ ಕೊಡಲು ಗೋಡಂಬಿ ಬಿಸ್ಕತ್ತಿದೆ. ಅದರ ಕೆಳಗೆ ರಫ್ತಿನವರು. ಅದರ ಕೆಳಗೆ ಜಮೀನು, ಶೆಡ್ಡು ಕೊಡುವವರು. ತೀರಾ ಕೆಳಗೆ, ಕ್ಯಾಂಟೀನಿನ ಒಗ್ಗರಣೆ ಮೂಗಿಗೆ ಹೊಡೆಯುವ ಕಡೆ, ಸಣ್ಣ ಉದ್ಯೋಗದ ಶಾಖೆ. ಅಂದರೆ ನಮ್ಮಂಥವರು ಅರ್ಜಿ ಹಿಡಿದು ಹೋಗುವ ಜಾಗ.

ಆ ಶಾಖೆಯಲ್ಲೂ ಎರಡು ಟೇಬಲ್ಲು. ಒಂದು ಒಂಟಿ ಘಟಕಗಳಿಗೆ. ಅವರು ತರಬೇತಿ ಕೊಡುತ್ತಾರೆ, ಬ್ಯಾಂಕಿಗೆ ಶಿಫಾರಸು ಮಾಡುತ್ತಾರೆ, ಜಾಗ ಮಾತ್ರ ಕೊಡುವುದಿಲ್ಲ. ಇನ್ನೊಂದು ಗುಂಪುಗಳಿಗೆ. ಒಂದೇ ಕಸುಬಿನ ಹತ್ತು ಘಟಕ ಸೇರಿದರೆ ಎಲ್ಲರಿಗೂ ಸೇರಿ ಒಂದು ಶೆಡ್ ಸಿಗುತ್ತದೆ. ಒಂಬತ್ತಾದರೆ ಇಲ್ಲ. ಜಮೀನಿನ ಮಹಡಿಗೆ ಹೋದರೆ, ಗುಂಪಿನ ಟೇಬಲ್ಲಿನ ಒಪ್ಪಿಗೆ ತನ್ನಿ ಅನ್ನುತ್ತಾರೆ. ಗುಂಪಿನ ಟೇಬಲ್ಲಿಗೆ ಹೋದರೆ, ಮೊದಲು ನಮ್ಮ ಸಾಹೇಬರು ಬಂದು ಘಟಕ ಎಣಿಸಲಿ ಅನ್ನುತ್ತಾರೆ. ನಾನು ಬಿ.ಕಾಂ. ಎರಡನೇ ವರ್ಷ. ಇದೇ ಪ್ರಶ್ನೆ ಪರೀಕ್ಷೆಯಲ್ಲಿ ಬಂದಿದ್ದರೆ ಕುಣಿದುಕೊಂಡು ಬರೆದು ಬರುತ್ತಿದ್ದೆ. ಬಂದದ್ದು ಪರೀಕ್ಷೆಯಲ್ಲಲ್ಲ, ಅಮ್ಮಿಯ ತಲೆಯ ಮೇಲೆ.

ನನ್ನ ಅಮ್ಮಿ ಗೌಹರ ಕಲಬುರಗಿ ಕಡೆಯವಳು. ಭಾಂಡುಪ್‌ನ ನಮ್ಮ ಚಾಳ್‌ನಲ್ಲಿ ಜೋಳದ ಕಡಕ್ ರೊಟ್ಟಿ ಬಡಿಯುತ್ತಾಳೆ. ಅಬ್ಬಾ ಹೋದ ಮೇಲೆ ಅದೇ ರೊಟ್ಟಿ ನನ್ನನ್ನು ಕಾಲೇಜಿನ ತನಕ ತಂದಿದೆ. ಅವಳ ಹಾಗೆ ಚಾಳ್‌ನಲ್ಲಿ ಒಟ್ಟು ಹತ್ತು ಜನ ಹೆಂಗಸರು, ಒಂದೊಂದೇ ಕೋಣೆಯ ಹತ್ತು ಖೋಲಿ, ಹತ್ತು ಒಲೆ. ಬೆಳಗಾದರೆ ಪಟಪಟ ಪಟಪಟ, ಚಾಳ್ ಪೂರ್ತಿ ಚಪ್ಪಾಳೆ ತಟ್ಟಿದ ಹಾಗೆ. ರೊಟ್ಟಿ ಮಲಾಡ್‌ನಿಂದ ಪವಾಯಿ ತನಕ ಖಾನಾವಳಿಗಳಿಗೆ ಹೋಗುತ್ತದೆ.

ಈಗ ಚಾಳ್ ಬೀಳುತ್ತದೆ, ಟವರ್ ಏಳುತ್ತದೆ. ಟವರ್ ಏಳುವ ತನಕ ನಾವು ಟ್ರಾನ್ಸಿಟ್ ಬಿಲ್ಡಿಂಗಿನಲ್ಲಿ ಇರಬೇಕು. ಅಲ್ಲಿ ಮನೆಯೊಳಗೆ ಧಂಧಾ ಮಾಡುವಂತಿಲ್ಲ, ಬಡಿಯುವ ಸಪ್ಪಳವಂತೂ ಇಲ್ಲವೇ ಇಲ್ಲ ಅಂತ ಮೀಟಿಂಗಿನಲ್ಲೇ ಹೇಳಿಬಿಟ್ಟರು. ಶೆಡ್ ಸಿಕ್ಕರೆ ರೊಟ್ಟಿ ಉಂಟು. ಸಿಗದಿದ್ದರೆ ಹತ್ತೂ ಜನರ ಕೈ ಖಾಲಿ. ಅಷ್ಟೇ ಲೆಕ್ಕ.

ಆದರೆ ಹತ್ತರಲ್ಲಿ ಒಂದು ಒಲೆ ತಣ್ಣಗಿತ್ತು. ನಮ್ಮ ಗೋಡೆಗೆ ಅಂಟಿದ ಕೊನೆಯ ಖೋಲಿ ಗುರುಬಾಯಿದು. ಹೋದ ಮಳೆಗಾಲದಲ್ಲಿ ಸ್ಟೇಷನ್ನಿನ ಬ್ರಿಜ್ ಮೇಲೆ ಜಾರಿಬಿದ್ದು ಅವಳ ಬಲಗೈ ಸೋತುಹೋಗಿದೆ. ಲೋಟ ಹಿಡಿದರೂ ನಡುಗುತ್ತದೆ. ಆಮೇಲೆ ಒಂದು ದಿನ, ಹತ್ತು ಜನರಲ್ಲೇ ಬಾಯಿ ಜೋರಿನ ಶರಣವ್ವ ತನ್ನ ರೊಟ್ಟಿಯಲ್ಲಿ ನಾಲ್ಕು ತೆಗೆದು ಗುರುಬಾಯಿಯ ಬುಟ್ಟಿಗೆ ಹಾಕಿದಳು. ಮರುದಿನ ಅಮ್ಮಿ ಹಾಕಿದಳು. ಆಮೇಲೆ ಎಲ್ಲರೂ. ಈ ಬಗ್ಗೆ ಯಾರೂ ಮಾತಾಡಲಿಲ್ಲ. ಗುರುಬಾಯಿಯ ಬುಟ್ಟಿ ದಿನಾ ತುಂಬಿಯೇ ಹೋಗುತ್ತದೆ, ಅವಳ ಹೆಸರಲ್ಲೇ ಹೋಗುತ್ತದೆ.

ಶೆಡ್‌ಗೆ ಹತ್ತೂ ಜನರ ಹೆಸರಲ್ಲಿ ಅರ್ಜಿ ಹಾಕಿದ್ದೆವು. ಸಾಹೇಬರು ಎಣಿಸಲು ಬರುತ್ತಾರೆ ಅಂತ ಗೊತ್ತಾದಾಗ ಅಮ್ಮಿಗೆ ಹೊಳೆದ ಉಪಾಯ ಹೀಗಿತ್ತು. ಎಲ್ಲರ ಒಲೆ, ಹಂಚು, ಬಡಿಯುವ ಕಲ್ಲು, ಎಲ್ಲಾ ಅಂಗಳಕ್ಕೆ ತರೋಣ. ಗುರುಬಾಯಿಯನ್ನು ನಡುವೆ ಕೂರಿಸೋಣ. ಯಾರು ಯಾವುದನ್ನು ಬಡಿದರು ಅಂತ ಯಾರಿಗೆ ತಿಳಿಯುತ್ತದೆ?

"ಅಮ್ಮಿ, ಅವರಿಗೆ ಬೇರೆ ಬೇರೆ ಘಟಕ ಕಾಣಿಸಬೇಕು," ಅಂದೆ.

"ಬಂದ ಮನಿಷ್ಯಾಗ ಹತ್ತ ಮನಿ ಹೊಸ್ತಿಲ ತುಳಸ್ತಾರೇನು? ಅಂವ ಏನು ಭಿಕ್ಷಾಕ್ಕ ಬರ್ಲಕತ್ತಾನ?"

ಶರಣವ್ವನೂ ದನಿಗೂಡಿಸಿದಳು. "ಒಬ್ಬೊಬ್ರು ಬಾಗಲಾ ಹಾಕ್ಕೊಂಡು ಬ್ಯಾರೆ ಬ್ಯಾರೆ ಒಲಿ ಹಚ್ಚಿದ್ರ, ಮಂದಿ ಜಗಳಾ ಆಡ್ಯಾರ ಅಂತಾರ ನೋಡು. ನೀ ಸುಮ್ಕ ಫೋನ್ ಒತ್ಕೋತ ಕೂಡು."

ಕೂತೆ.

ಸಾಹೇಬರ ಹೆಸರು ಮನೀಶ್, ಸೋಲಾಪುರದವರು. ದೊಡ್ಡ ಸಾಹೇಬರ ಥರ ಇರಲಿಲ್ಲ. ಬೆವರಿಗೆ ಶರ್ಟು ಬೆನ್ನಿಗಂಟಿತ್ತು, ಬಂದವರೇ ನೀರು ಕೇಳಿದರು. ಅಂಗಳದಲ್ಲಿ ಹತ್ತು ಒಲೆ ಉರಿಯುತ್ತಿದ್ದವು, ಪಟಪಟ ನಡೆದಿತ್ತು, ರೊಟ್ಟಿ ಆ ಕೈಯಿಂದ ಈ ಹಂಚಿಗೆ, ಈ ಹಂಚಿನಿಂದ ನಡುವಿನ ದೊಡ್ಡ ಬುಟ್ಟಿಗೆ ಹೋಗುತ್ತಿತ್ತು. ನೋಡಲು ಮದುವೆ ಮನೆ. ನನಗೇ ಹೆಮ್ಮೆ ಅನ್ನಿಸಿತು, ಒಂದೆರಡು ಫೋಟೋ ಬೇರೆ ಹೊಡೆದೆ.

"ವಾ! ಛಾನ್!" ಅಂದರು ಸಾಹೇಬರು. ಆಮೇಲೆ ಶರಣವ್ವನ ಕಡೆ ತಿರುಗಿ, "ಮಾವಶಿ, ಇದರಾಗ ನಿಮ್ದು ಯಾವ್ದು?" ಅಂದರು.

"ನಂದೇನ್ರಿ, ನಿಂದೇನ್ರಿ? ಎಲ್ಲಾ ಕೂಡೇ ಅದ. ಮೊದಲ ರೊಟ್ಟಿ ತಿನ್ರಿ."

ಅವರು ತಿಂದರು. ಶೇಂಗಾ ಚಟ್ನಿ ಹಾಕಿಸಿಕೊಂಡು ಇನ್ನೊಂದು ತಿಂದರು. ಕೈ ತೊಳೆದು, ಮುಖ ಸಣ್ಣ ಮಾಡಿಕೊಂಡು ನನ್ನ ಹತ್ತಿರ ಬಂದರು.

"ಬೇಟಾ, ನೀ ಕಾಮರ್ಸ್ ಓದಾಕಿ. ನಿನಗs ತಿಳೀತದ. ಇದು ಗುಂಪು ಅಲ್ಲ. ಇದು ಒಂದs ಘಟಕ. ಹತ್ತು ಮಂದಿ ಕೆಲ್ಸಾ ಮಾಡೋ ಒಂದು ಘಟಕ. ಆ ಇನ್ನೊಂದ್ ಟೇಬಲ್ಲಿಗೆ ಹೋಗ್ತದ."

ಆ ಇನ್ನೊಂದು ಟೇಬಲ್ಲು. ಜಾಗ ಕೊಡದ ಟೇಬಲ್ಲು.

"ಸರ್, ಪ್ಲೀಸ್, ಇವರೆಲ್ಲ ಮನೆಯಲ್ಲಿ ಬೇರೆ ಬೇರೆಯೇ ಮಾಡೋದು. ನೀವು ಬರ್ತೀರಿ ಅಂತ..."

ಅವರು ಗುರುಬಾಯಿಯ ಮುಂದೆ ಒಣಗುತ್ತಿದ್ದ ಹಿಟ್ಟನ್ನು ನೋಡಿದರು, ಅವಳ ಕೈ ನೋಡಿದರು.

"ಬರೂ ಗುರುವಾರ ಇನ್ನೊಮ್ಮೆ ಬರ್ತೀನಿ. ಚಾಳ್ ಖಾಲಿ ಆಗೋದ್ರಾಗ ಅದs ಕೊನೀದು. ಒಬ್ಬೊಬ್ರು ತಮ್ಮ ಖೋಲ್ಯಾಗ. ರೊಟ್ಟಿ ಚಂದ ಇರ್ಬೇಕಂತಿಲ್ಲ, ಹಿಟ್ಟಿಂದ ಹಂಚಿನ ತನಕಾ ತಮ್ಮ ಕೈಲೆ ಒಂದು ಪೂರಾ ರೊಟ್ಟಿ ಮಾಡಿದ್ರ ಸಾಕು. ಯಾರೂ ಯಾರಿಗೂ ಕೈ ಹಚ್ಚಬಾರ್ದು. ಹಚ್ಚಿದ್ರ ಅದು ಬ್ಯಾರೆ ಘಟಕ ಅಲ್ಲ."

ಗುರುಬಾಯಿಯ ಬದಲು ಬೇರೆ ಹೆಸರು ಹಾಕಲು ಆಗುತ್ತದಾ ಅಂತ ಕೇಳಿದೆ. ಆಗುತ್ತದೆ, ಆದರೆ ಅರ್ಜಿ ಮತ್ತೆ ಮೊದಲಿನಿಂದ ಶುರು, ಅಷ್ಟರಲ್ಲಿ ಚಾಳ್ ಇರುವುದಿಲ್ಲ.

ಅವತ್ತು ಸಂಜೆ ಹತ್ತೂ ಜನ ನಮ್ಮ ಬಾಗಿಲಲ್ಲಿ ಸೇರಿದರು. ಗುರುಬಾಯಿಯೇ ಮೊದಲು ಬಾಯಿಬಿಟ್ಟಳು.

"ನನ್ನ ಸಲುವಾಗಿ ಮುಳುಗಬ್ಯಾಡ್ರಿ. ಎಡಗೈ ಅದ ಅಲ್ಲ, ಅದಕ್ಕೇನು ರೋಗ? ಕಲಸ್ತೀನಿ."

"ಎಡಗೈಲೆ ಮೀಸಿ ತಿರುವಿದಂಗ," ಅಂದಳು ಶರಣವ್ವ. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಅಮ್ಮಿ ಸೆರಗು ಬಿಗಿದು ಹೇಳಿದಳು. "ಗುರುವಾರ ಯಾರ ಒಲಿ ಕಡೀನೂ ಯಾರೂ ಹೋಗಬ್ಯಾಡ್ರಿ. ಏನs ಆಗ್ಲಿ. ಬೆಂಕಿ ಬಿದ್ರೂ ಹೋಗಬ್ಯಾಡ್ರಿ. ನನ್ನ ಕಸಂ ಅದ, ನನ್ನ ಆಣಿ."

"ಬೆಂಕಿ ಬಿದ್ರ ರೊಟ್ಟಿ ಕರಕಾಗ್ತಾವಲ್ಲ, ಗೌಹರಬಿ?" ಅಂದಳು ಶರಣವ್ವ.

"ಕರಕಾಗ್ಲಿ!"

ಅದಾದ ಮೇಲೆ ದಿನಾ ಕಾಲೇಜಿನಿಂದ ಬಂದವಳೇ ನಾನು ಗುರುಬಾಯಿಯ ಖೋಲಿಗೆ ಓಡುತ್ತಿದ್ದೆ. ಅವಳು ಬಾಗಿಲು ಮುಚ್ಚಿಕೊಂಡು ಎಡಗೈಯಲ್ಲಿ ಬಡಿಯುತ್ತಿದ್ದಳು. ಬಡಿಯುವುದು ಹೇಗೋ ಬಂತು. ಎತ್ತುವುದು ಬರಲಿಲ್ಲ. ಬಡಿದ ರೊಟ್ಟಿಯನ್ನು ಕಲ್ಲಿನಿಂದ ಎತ್ತಿ ಹಂಚಿಗೆ ಹಾಕಲು ಎರಡು ಅಂಗೈ ಬೇಕು. ಬಲಗೈ ಕೆಳಗೆ ಹೋದ ಕೂಡಲೇ ನಡುಗುತ್ತಿತ್ತು, ರೊಟ್ಟಿ ನಡುವೆ ಹರಿದು ಬೀಳುತ್ತಿತ್ತು. ಹರಿದದ್ದನ್ನು ಹಾಗೇ ಸುಟ್ಟು ನನ್ನ ಬಾಯಿಗೆ ತುರುಕುತ್ತಿದ್ದಳು.

"ತಿನ್ನು, ಲಗೂನ ತಿನ್ನು. ಗೌಹರಗ ಗುರ್ತು ಸಿಗಬಾರ್ದು."

"ಆಯಿ, ನಂಗೆ ಹೊಟ್ಟೆ ಒಡೆಯುತ್ತೆ."

"ಒಡೀಲಿ. ನನ್ನ ಮರ್ಯಾದಿಕಿಂತ ನಿನ್ನ ಹೊಟ್ಟಿ ದೊಡ್ಡದೇನು?"

ನಾನು ನಗುತ್ತಾ ತಿಂದೆ. ರಾತ್ರಿ ಅಮ್ಮಿ ಊಟಕ್ಕೆ ಕರೆದರೆ ಹಸಿವಿಲ್ಲ ಅಂದೆ. ಆದರೆ ಬುಧವಾರದ ತನಕ ಒಂದೇ ಒಂದು ರೊಟ್ಟಿಯೂ ಹಂಚಿಗೆ ಇಡಿಯಾಗಿ ಹೋಗಲಿಲ್ಲ.

ಗುರುವಾರ ಮನೀಶ್ ಸಾಹೇಬರು ಬಂದರು. ಈ ಸಲ ಅಂಗಳ ಖಾಲಿ. ನಾನು ಅವರ ಜೊತೆ ಬಾಗಿಲಿಂದ ಬಾಗಿಲಿಗೆ ನಡೆದೆ. ಪ್ರತಿ ಖೋಲಿಯಲ್ಲಿ ಒಬ್ಬಳೇ ಹೆಂಗಸು, ಒಂದೇ ಒಲೆ. ತಲೆ ಎತ್ತದೆ ಬಡಿಯುತ್ತಿದ್ದರು. ಶರಣವ್ವ ಕೂಡ ಮಾತಾಡಲಿಲ್ಲ, ಅದು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಹಾಗೆ. ಸಾಹೇಬರು ನೋಡುವರು, ಮೊಬೈಲಿನಲ್ಲಿ ಒತ್ತುವರು, ಮುಂದೆ ಹೋಗುವರು. ಒಂಬತ್ತನೆಯದು ಅಮ್ಮಿಯದು. ಅಮ್ಮಿ ನನ್ನ ಮುಖ ಕೂಡ ನೋಡಲಿಲ್ಲ.

ಆಮೇಲೆ ಗುರುಬಾಯಿಯ ಬಾಗಿಲು.

ಒಲೆ ಉರಿಯುತ್ತಿತ್ತು. ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡಿದ್ದಳು. ಹಿಟ್ಟಿನ ಉಂಡೆ ಕಲ್ಲಿನ ಮೇಲೆ ಇಟ್ಟು ಎಡಗೈಯಲ್ಲಿ ಬಡಿದಳು. ಮೊದಲನೆಯದು ಅಂಚಿನಲ್ಲೇ ಸೀಳಿತು. ಮುದ್ದೆ ಮಾಡಿ ಪಕ್ಕಕ್ಕಿಟ್ಟಳು. ಎರಡನೆಯದು ಎತ್ತುವಾಗ ಮಡಚಿ ಬಿತ್ತು.

"ಸಾವಕಾಶ, ಮಾವಶಿ. ಅವಸರ ಇಲ್ಲ," ಅಂದರು ಸಾಹೇಬರು. ಹೊಸ್ತಿಲ ಮೇಲೆ ಕೂತೇಬಿಟ್ಟರು.

ಚಾಳ್‌ನಲ್ಲಿ ಬೇರೆಲ್ಲ ಸಪ್ಪಳ ನಿಂತಿತ್ತು. ಒಂಬತ್ತು ಖೋಲಿಗಳೂ ಕಿವಿಯಾಗಿದ್ದವು. ಗುರುಬಾಯಿಯ ಕೈಯೊಂದೇ, ಪಟ್... ಪಟ್... ಪಟ್. ಮೂರನೆಯದು ದುಂಡಗಾಯಿತು. ಅಗಲವಾಯಿತು. ಅವಳು ನಿಲ್ಲಿಸಿದಳು. ಉಸಿರು ಎಳೆದುಕೊಂಡಳು. ಎಡ ಅಂಗೈ ರೊಟ್ಟಿಯ ಕೆಳಗೆ ತೂರಿಸಿದಳು. ಆಮೇಲೆ ಬಲಗೈ, ನಿಧಾನ, ನಿಧಾನ, ಮಲಗಿದ ಕೂಸಿನ ಕೆಳಗೆ ಕೈ ಹಾಕಿದ ಹಾಗೆ. ಕೈ ನಡುಗಿತು. ಕಾದಳು. ನಡುಕ ನಿಂತಿತು. ಎತ್ತಿದಳು.

ರೊಟ್ಟಿ ಗಾಳಿಯಲ್ಲಿತ್ತು! ಇಡಿಯಾಗಿತ್ತು! ನಾನು ಕೂಗದಿರಲು ದುಪಟ್ಟಾ ಬಾಯಲ್ಲಿ ತುರುಕಿಕೊಂಡೆ. ಸಾಹೇಬರೂ ಮೊಣಕಾಲ ಮೇಲೆ ಎದ್ದಿದ್ದರು. ಹಂಚು ಇನ್ನೊಂದು ಗೇಣು.

ಅಷ್ಟರಲ್ಲಿ ನನ್ನನ್ನು ಪಕ್ಕಕ್ಕೆ ತಳ್ಳಿಕೊಂಡು ಅಮ್ಮಿ ಒಳಗೆ ಬಂದಳು. ಕೈಗೆ ಹಿಟ್ಟು, ಕಣ್ಣಲ್ಲಿ ನೀರು.

"ಬಿಡು ಗುರುಬಾಯಿ, ಬಿಡವಾ, ಸಾಕು. ನಾ ಹಾಕ್ತೀನಿ."

ಗುರುಬಾಯಿ ಬಾಯಿ ತೆರೆಯುವುದರೊಳಗೆ ಅಮ್ಮಿ ರೊಟ್ಟಿಯನ್ನು ತನ್ನ ಅಂಗೈಗೆ ತೆಗೆದುಕೊಂಡು ಹಂಚಿನ ಮೇಲೆ ಹಾಕಿಬಿಟ್ಟಳು. ರೂಢಿಯ ಕೈ. ಒದ್ದೆ ಬಟ್ಟೆಯನ್ನೂ ಸವರಿದಳು. ಆಮೇಲೆ ನಮ್ಮ ಮುಖ ನೋಡಿದಳು.

"ಎತ್ತಿದ್ದೆ ಗೌಹರಾ," ಅಂದಳು ಗುರುಬಾಯಿ. "ನಾ ಎತ್ತಿದ್ದೆ."

"ಸಪ್ಪಳ ನಿಂತಿತ್ತು," ಅಂದಳು ಅಮ್ಮಿ. "ಭಾಳ ಹೊತ್ತು ನಿಂತಿತ್ತು. ನಾ ತಿಳದೆ... ಕೈ ಬಿದ್ದದ, ಅಳ್ಲಕತ್ತಾಳ, ಅಂತ ತಿಳದೆ."

"ಎತ್ತೂವಾಗ ಸಪ್ಪಳ ಎಲ್ಲಿಂದ ಬರ್ಬೇಕ, ಹುಚ್ಚಿ?"

ಅದು ಅಮ್ಮಿಗೆ ಗೊತ್ತಿಲ್ಲದ ಸಂಗತಿಯೇ? ಜನ್ಮವಿಡೀ ರೊಟ್ಟಿ ಎತ್ತಿದವಳು. ಅವಳ ಕೈಯಲ್ಲಿ ಎತ್ತುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಗೋಡೆಯಾಚೆ ಅಷ್ಟು ಉದ್ದದ ಮೌನ ಯಾವತ್ತೂ ಕೇಳಿರಲಿಲ್ಲ.

ನಾನು ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ. "ಸರ್, ನೀವು ನೋಡಿದ್ರಲ್ಲ! ಎತ್ತಿಯಾಗಿತ್ತು! ಒಂದೇ ಗೇಣು! ಪ್ಲೀಸ್ ಸರ್, ಹಮ್ ಕಹಾಂ ಜಾಯೇಂಗೇ, ನಾವೆಲ್ಲಿಗೆ ಹೋಗೋದು?"

"ಮಾವಶಿ, ಇನ್ನೊಂದು ಮಾಡ್ರಿ," ಅಂದರು ಅವರು. "ನಾ ಕೂತೀನಿ. ಎಷ್ಟೊತ್ತಾದ್ರೂ ಕೂಡ್ತೀನಿ."

ಖರೇ ಕೂತರು. ಅಮ್ಮಿ ಹೊರಗೆ ಹೋಗಿ ಅಂಗಳದ ನಲ್ಲಿಯ ಹತ್ತಿರ ನೆಲದ ಮೇಲೆ ಕುಸಿದಳು. ಗುರುಬಾಯಿ ಮತ್ತೆ ಬಡಿದಳು. ಎತ್ತಿದಳು, ಹರಿಯಿತು. ಬಡಿದಳು, ಎತ್ತಿದಳು, ಹರಿಯಿತು. ಕೊನೆಗೆ ಬಲಗೈ ಮೇಲಕ್ಕೇ ಬರಲಿಲ್ಲ. ಅದರಲ್ಲಿದ್ದದ್ದು ಒಂದು ರೊಟ್ಟಿಯ ಬಲ, ಅದು ಮುಗಿದಿತ್ತು. ಹಿಟ್ಟೂ ಮುಗಿಯಿತು.

ಸಾಹೇಬರು ಎದ್ದು ಪ್ಯಾಂಟಿನ ಹಿಟ್ಟು ಕೊಡವಿಕೊಂಡರು. ಮೊಬೈಲಿನಲ್ಲಿ ಒತ್ತುವಾಗ ನನ್ನ ಕಡೆ ನೋಡಲಿಲ್ಲ.

"ನಾ ಕಂಡದ್ದು ಬರೀಬೇಕು, ಬೇಟಾ. ಒಂಬತ್ತು. ಇನ್ನೊಂದ್ ಟೇಬಲ್ಲಿನಾವ್ರು ಫೋನ್ ಮಾಡ್ತಾರ. ತರಬೇತಿಗೆ ಕರೀತಾರ."

"ಏನು ತರಬೇತಿ, ಸರ್?"

ಅವರಿಗೆ ಹೇಳಲು ನಾಚಿಕೆಯಾಯಿತು. "ರೊಟ್ಟಿದು," ಅಂದರು.

ಅವರು ಹೋದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. ಯಾರಾದರೂ ಅಮ್ಮಿಯನ್ನು ಬೈದಿದ್ದರೆ ಚೆನ್ನಾಗಿತ್ತು. ಶರಣವ್ವ ನಲ್ಲಿಯ ಹತ್ತಿರ ಹೋಗಿ ಅವಳ ಪಕ್ಕ ಕೂತಳು, "ಕಸಂ ನಿಂದs ಇತ್ತಲ್ಲ, ಗೌಹರಬಿ," ಅಂತಷ್ಟೇ ಹೇಳಿ ತಾನೇ ಅತ್ತಳು.

ಹಂಚಿನ ಮೇಲಿದ್ದ ಆ ರೊಟ್ಟಿಯನ್ನು ಯಾರೂ ತಿರುವಿರಲಿಲ್ಲ. ಅಷ್ಟು ಹೊತ್ತು ಗುರುಬಾಯಿ ಇನ್ನೊಂದನ್ನು ಎತ್ತಲು ಒದ್ದಾಡುತ್ತಿದ್ದಾಗ ಅದು ಒಲೆಯ ಮೇಲೇ ಕರಕಾಗಿ ಇದ್ದಿಲಾಗಿತ್ತು.

ಸಂಜೆ ಖಾನಾವಳಿಯವರ ಫೋನು ಬಂತು, ರೊಟ್ಟಿ ಎಲ್ಲಿ ಅಂತ. ನಾನು ಅಮ್ಮಿಯನ್ನು ಎಬ್ಬಿಸಿ ಒಳಗೆ ಕರೆತಂದೆ. ಅವಳು ಕಲ್ಲಿನ ಮುಂದೆ ಕೂತಳು, ಉಂಡೆ ಕಟ್ಟಿದಳು, ಕೈ ಎತ್ತಿದಳು, ಬಡಿಯಲಿಲ್ಲ. ಎತ್ತಿದ ಕೈ ಹಾಗೇ ಇತ್ತು.

ಆಗ ಆ ಕಡೆಯಿಂದ ಗೋಡೆಗೆ ಏಟು ಬಿತ್ತು. ಎಡಗೈಯ ಏಟು, ನನಗೆ ಆ ಸಪ್ಪಳ ಈಗ ಗೊತ್ತು.

"ಗೌಹರಾ! ಹಿಟ್ಟು ಒಣಗ್ತದ. ಬಡಿ!"

ಅಮ್ಮಿ ಬಡಿಯಲಿಲ್ಲ. ಗೋಡೆಗೆ ಮತ್ತೆ ಏಟು ಬಿತ್ತು, ಆಮೇಲೆ ಇನ್ನೊಂದು. ಗುರುಬಾಯಿ ನಿಲ್ಲಿಸಲಿಲ್ಲ. ಸಪ್ಪಳ ನಿಂತರೆ, ಏನಾಯಿತೋ ಅಂತ ಅಮ್ಮಿ ಮತ್ತೆ ಎದ್ದು ಆ ಕಡೆ ಓಡುತ್ತಾಳೆ ಅನ್ನುವುದು ಗುರುಬಾಯಿಗೂ ಗೊತ್ತಿತ್ತು.