ಕುಂಕುಮ ಹಚ್ಚಿದ ಹಾಳೆ

ಮಾರ್ಗಶಿರದ ಒಂದು ಬೆಳಿಗ್ಗೆ ನಾನು ತುಳಸಿಗೆ ನೀರೆರೆಯುತ್ತಿದ್ದಾಗ ಹಾಲಿನವಳು ಗೇಟಿನಾಚೆಯೇ ನಿಂತು, "ಅಂಕಮ್ಮ ಹೋಗ್ಬುಟ್ರು ಕಣಮ್ಮ," ಎಂದಳು. ಇಪ್ಪತ್ತು ದಿನಗಳಿಂದ ಅಂಕಮ್ಮ ನನ್ನೊಡನೆ ಮಾತು ಬಿಟ್ಟಿದ್ದಳು. ನಾನು ಅವಳಿಗೆ ದ್ರೋಹ ಮಾಡಿಲ್ಲವೆಂದು ಹೇಳಲು ಕಾಯುತ್ತಿದ್ದೆ.

ನಮ್ಮ ಬೀದಿ ಎದ್ದದ್ದೇ, ಬಡಾವಣೆಗೆಂದು ಸರ್ಕಾರ ವಶಪಡಿಸಿಕೊಂಡ ಕತ್ರಿಗುಪ್ಪೆಯ ಅಂಕಮ್ಮನ ಹೊಲದ ಮೇಲೆ. ಮೂಲೆಯಲ್ಲಿ ಒಂದು ಸೈಟು ಖಾಲಿ ಉಳಿದಿತ್ತು. ಯಾರನ್ನೂ ಕೇಳದೆ ಅವಳು ಅಲ್ಲಿ ರಾಗಿ ಬಿತ್ತಿದಳು. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. "ಒಂದೇ ಬೆಳೆದ್ರೆ ನೆಲಕ್ಕೂ ಬೇಜಾರಾಯ್ತದೆ ಕಣಮ್ಮ," ಎನ್ನುತ್ತಿದ್ದಳು. ಅಂಚಿನಲ್ಲಿ ಗುಂಡಿ ತೋಡಿ ಮನೆಮನೆಯ ತರಕಾರಿ ಸಿಪ್ಪೆ ಕೇಳಿದಳು. ಮೊದಲ ವರ್ಷ ಹೆಂಗಸರೆಲ್ಲ ಮೂಗು ಮುಚ್ಚಿಕೊಂಡು ದೂರದಿಂದ ಎಸೆದರು. ಮಡಿಯವಳಾದ ನಾನು ಸೊಸೆಯ ಕೈಯಲ್ಲಿ ಕಳಿಸಿದೆ. ಮೂರನೆಯ ವರ್ಷಕ್ಕೆ ಆ ಗುಂಡಿಯ ಗೊಬ್ಬರ ನಮ್ಮ ಹಿತ್ತಲಿಗೂ ಬಂದಿತ್ತು. ಅದರ ಪಕ್ಕದಲ್ಲೇ ಕುಳಿತು ಎಲ್ಲ ಜಾತಿಯವರೂ ಒಂದೇ ಮೊರದಲ್ಲಿ ಅವರೆ ಸುಲಿಯುತ್ತಿದ್ದೆವು. ಅವಳು ಕೊಟ್ಟ ನೀರನ್ನು ನಾನು ಕುಡಿದೆ.

ಎಂಬತ್ತಮೂರನೆಯ ಇಸವಿಯಲ್ಲಿ ಆ ಸೈಟು ಹರಾಜಿಗೆ ಬರುತ್ತದೆಂದು ಸುದ್ದಿಯಾಯಿತು. ಬೀದಿಯ ಸಂಘದ ಕಾರ್ಯದರ್ಶಿ ಉಗ್ರಪ್ಪ, "ತೋಟ ಉಳಿಸಿ ಅಂತ ಅರ್ಜಿ ಟೈಪ್ ಮಾಡಿಸ್ತೀನಿ ಪಾರ್ವತಮ್ನೋರೆ, ನೀವು ಮೊದ್ಲು ಖಾಲಿ ಹಾಳೇಲಿ ಸೈನ್ ಹಾಕಿಸ್ಕೊಡಿ," ಎಂದ. ಮೊದಲ ಸಹಿ ನನ್ನದೇ. ನಲವತ್ತು ಮನೆ ಹತ್ತಿಳಿದೆ. ಅಂಕಮ್ಮ ನೋಡುತ್ತಿದ್ದಂತೆ ಹಾಳೆಯ ಮೂಲೆಗೆ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಆಮೇಲೆ ಅವನಿಗೆ ಕೊಟ್ಟೆ. ದೇವರ ಮುಂದಿಟ್ಟದ್ದನ್ನು ಯಾರು ಕೆಡಿಸುತ್ತಾರೆ ಎಂದುಕೊಂಡೆ.

ಕಾರ್ತಿಕದಲ್ಲಿ ಅವರೆ ಹೂ ಬಿಟ್ಟಿದ್ದಾಗ ಕೂಲಿಯವರು ಬಂದು ಎಲ್ಲವನ್ನೂ ಕಿತ್ತರು. ಜೊತೆಗೆ ಬಂದ ಅಧಿಕಾರಿ ಅರ್ಜಿ ಓದಿದ. ಹಾವು, ಸೊಳ್ಳೆಯ ಕಾಟ. ತೆರವು ಮಾಡಿಸಿ ಗುಡಿಗೆ ಜಾಗ ಕೊಡಬೇಕು ಎಂದಿತ್ತು. ಅದರ ಹಿಂದೆ ನಮ್ಮ ಸಹಿಯ ಹಾಳೆ. ಅಂಕಮ್ಮನಿಗೆ ಅಕ್ಷರ ಬಾರದು, ಕುಂಕುಮ ಗುರುತಾಯಿತು.

"ನಿಮ್ಮ ದೇವ್ರ ಮುಂದಿಟ್ಟಿದ್ ಕಾಗ್ದ ಅಲ್ವಾ ಇದು?" ಎಂದವಳೇ ನಡೆದುಬಿಟ್ಟಳು. ಮೂರು ಸಲ ಅವಳ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ.

ಉಗ್ರಪ್ಪನನ್ನು ಕೇಳಿದೆ. "ಅವಳ ಅವರೆಕಾಳು ತಿಂದವನಲ್ಲವೇನಪ್ಪಾ ನೀನು?"

"ಗುಡಿ ತಾನೇ ಬರೋದು? ನಿಮ್ಗೂ ಪುಣ್ಯ ಬರತ್ತೆ ಬಿಡಿ," ಎಂದು ನಕ್ಕ. "ತಿಪ್ಪೆ ಮೇಲೆ ಅದೇನಮ್ಮ ಅಷ್ಟು ಭಕ್ತಿ?"

ನಲವತ್ತು ಮನೆಯವರಲ್ಲಿ ಗುಡಿ ಬೇಡವೆನ್ನುವವರು ಯಾರು?

ಅವಳು ಸತ್ತ ಮೂರನೆಯ ದಿನ, ಹಾಲುತುಪ್ಪ ಬಿಡುವ ಶಾಸ್ತ್ರಕ್ಕೆ ಅಂಕಮ್ಮನ ಮನೆಗೆ ಹೋದೆ. ಮಗಳು ಮರಿಯಮ್ಮ ಹೊಸ್ತಿಲಲ್ಲೇ ನಿಲ್ಲಿಸಿದಳು. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಇರ್ಬೋದು ಬುಡಿ. ಈಗ ಅವ್ವಂಗೆ ಯಾರು ಹೇಳ್ತಾರೆ?"

ಆ ಗುಡಿಗೆ ನಾನು ಇಂದಿಗೂ ಕಾಲಿಟ್ಟಿಲ್ಲ. ಹಿತ್ತಲಲ್ಲಿ ಅವಳು ಕೊಟ್ಟ ಬೀಜದ ಅವರೆಬಳ್ಳಿಯಿದೆ. ಸಂಜೆ ಅದರ ಬುಡದಲ್ಲೇ ದೀಪವಿಡುತ್ತೇನೆ. ಭಗವಂತಾ, ನಡೆದದ್ದನ್ನು ನೀನೇ ಅವಳಿಗೆ ತಿಳಿಸು. ಅವಳು ನಂಬದಿದ್ದರೂ ಚಿಂತೆಯಿಲ್ಲ. ಎದೆಯಲ್ಲಿ ಹೊತ್ತು ಹೋದ ಆ ನೋವನ್ನು ಇಳಿಸಿ, ಅಂಕಮ್ಮನ ಜೀವಕ್ಕೆ ನೆಮ್ಮದಿ ಕೊಡು.