ನನ್ನ ಖಾನೆಗೆ ಅಂಟಿದ್ದ ಹೆಸರು

ನಾನು ಗ್ರಂಥಾಲಯದ ಕಾರ್ಡು ಕಪಾಟು. ಬಡಿಗ ಮೌನೇಶಪ್ಪ ನನ್ನನ್ನು ಸಾಗುವಾನಿಯಲ್ಲಿ ಮಾಡಿದ. ಮೈತುಂಬ ಪುಟ್ಟ ಖಾನೆಗಳು, ಅವುಗಳಲ್ಲಿ ಪುಸ್ತಕದ ಹೆಸರು, ವಿಷಯ ಬರೆದ ಕಾರ್ಡುಗಳು. ಗದಗಿನ ಕಾಲೇಜೊಂದಕ್ಕೆ ನನ್ನನ್ನು ತಂದು ಬಾಗಿಲಿಗೆ ಎದುರಾಗಿ ಇಟ್ಟರು. ಯಾರಿಗೆ ಯಾವ ಪುಸ್ತಕ ಬೇಕಿದ್ದರೂ ಮೊದಲು ನನ್ನ ಹತ್ತಿರವೇ ಬರಬೇಕಿತ್ತು. ಅದರಿಂದ ನನಗೆ ಸ್ವಲ್ಪ ಜಂಬವೂ ಇತ್ತು.

ಹುಲಿಗೆಮ್ಮ ಅಲ್ಲಿಗೆ ಬಂದದ್ದು ಗ್ರಂಥಾಲಯ ವಿಜ್ಞಾನದಲ್ಲಿ ಸಂಶೋಧನೆ ಮಾಡಲು. ಕೊರಮರ ಹುಡುಗಿ. ಅಪ್ಪ ದುರ್ಗಪ್ಪ ಮದುವೆಗಳಲ್ಲಿ ಸನಾದಿ ಊದುವವನು. ಕೊರಮರ ಹಾಡುಗಳ ಪುಸ್ತಕವೊಂದು ನಮ್ಮಲ್ಲಿತ್ತು. ಅದರಲ್ಲಿ ದುರ್ಗಪ್ಪನ ತಾಯಿ ಹೇಳಿದ ಹಾಡೂ ಇತ್ತು. ಅದನ್ನು ತೋರಿಸಲು ಅವಳು ಒಂದು ದಿನ ಅಪ್ಪನನ್ನು ಕರೆತಂದಳು. ಗ್ರಂಥಪಾಲಕ ಹಿರೇಮಠರು ಖುಷಿಯಿಂದಲೇ ಎದ್ದು ಬಂದು ನನ್ನ ಖಾನೆಯೊಂದನ್ನು ಎಳೆದರು. ಅದರ ಮೇಲೆ ಅಂಟಿಸಿದ್ದ ಚೀಟಿಯನ್ನು ದುರ್ಗಪ್ಪ ಅಕ್ಷರ ಕೂಡಿಸಿ ಓದಿದ: ಅಪರಾಧಿಗಳು.

"ಹಾಡು ಹೇಳಿದ್ದೂ ಅಪರಾಧ ಏನ್ರೀ ಸಾಹೇಬ್ರ?" ಎಂದು ಮೆಲ್ಲಗೆ ಕೇಳಿದ.

ಹಿರೇಮಠರು ತಲೆ ತಗ್ಗಿಸಿದರು. "ಬ್ರಿಟಿಷರ ಕಾಲದಾಗ ನಿಮ್ಮ ಮಂದೀನ ಹುಟ್ಟಾ ಅಪರಾಧಿಗಳು ಅಂತ ಕಾಯ್ದೆದಾಗ ಬರದಿದ್ರು. ನಾವೂ ಹಂಗ ಬಿಟ್ಟೀವಿ."

ದುರ್ಗಪ್ಪ ಪುಸ್ತಕ ನೋಡದೆಯೇ ಹೊರಟುಹೋದ.

ಹುಲಿಗೆಮ್ಮ ತನ್ನ ಸಂಶೋಧನೆಯ ವಿಷಯವನ್ನೇ ಬದಲಿಸಿದಳು. ಗ್ರಂಥಾಲಯಗಳು ಯಾರ ಪುಸ್ತಕವನ್ನು ಯಾವ ಹೆಸರಿನಡಿ ಇಡುತ್ತವೆ, ಆ ಹೆಸರು ಯಾರಿಗೆ ಚುಚ್ಚುತ್ತದೆ ಎಂದು ಊರೂರು ತಿರುಗಿ ವಿಚಾರಿಸಿದಳು. ಅವಳ ಮಾರ್ಗದರ್ಶಕರು ನನ್ನ ಪಕ್ಕದಲ್ಲೇ ನಿಂತು, "ಇದು ವಿಜ್ಞಾನ ಅಲ್ಲವ್ವಾ, ಚಳವಳಿ" ಎಂದರು.

"ಹುಡುಕಿದೋರಿಗೆ ಪುಸ್ತಕ ಸಿಗಬೇಕು, ಮಾನನೂ ಉಳೀಬೇಕು. ಅಷ್ಟ ನಾ ಕೇಳೂದು ಸರ್" ಎಂದಳು.

ಆ ಹೆಸರು ಬದಲಿಸಲು ಗ್ರಂಥಾಲಯದ ಸಮಿತಿ ಒಪ್ಪುವ ಹೊತ್ತಿಗೆ ವರ್ಷಗಳು ಕಳೆದಿದ್ದವು. ಹಿರೇಮಠರೇ ಹೊಸ ಕಾರ್ಡು ಟೈಪ್ ಮಾಡಿದರು: ಕೊರಮರು – ಸಂಗೀತ. ಅಪ್ಪನನ್ನು ಕರೆತರುತ್ತೇನೆಂದು ಅವಳು ಊರಿಗೆ ಓಡಿದಳು. ದುರ್ಗಪ್ಪ ಉಸಿರಾಟದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದನಂತೆ. ಮತ್ತೆ ಬರುವಾಗ ಅವಳೊಬ್ಬಳೇ ಬಂದಳು.

"'ನೀ ನೋಡಿದ್ರ ನಾ ನೋಡಿದಂಗ' ಅಂದ್ರು ಸರ್ ಅಪ್ಪ, ಜೀವಾ ಹೋಗೂ ಮುಂದ" ಎಂದು ಹಿರೇಮಠರಿಗೆ ಹೇಳಿ, ಖಾನೆಯ ಮೇಲಿನ ಚೀಟಿ ಹರಿದು, ಹಳೆಯ ಕಾರ್ಡು ಕಿತ್ತು ಹೊಸದನ್ನು ತಾನೇ ನನ್ನೊಳಗೆ ಸೇರಿಸಿದಳು.

ಆಮೇಲೆ ಕಂಪ್ಯೂಟರ್ ಬಂತು. ನನ್ನ ಕಾರ್ಡುಗಳನ್ನು ರದ್ದಿಗೆ ಹಾಕಿದರು, ನನ್ನನ್ನು ಹಿಂದಿನ ಗೋಡೆಗೆ ಸರಿಸಿದರು. ಹಿರೇಮಠರು ನಿವೃತ್ತರಾದರು. ಅಷ್ಟರಲ್ಲಿ ಬೇರೆ ಊರಿನಲ್ಲಿ ಪಾಠ ಹೇಳುತ್ತಿದ್ದ ಹುಲಿಗೆಮ್ಮ ಒಮ್ಮೆ ತನ್ನ ವಿದ್ಯಾರ್ಥಿಗಳನ್ನು ಕರೆತಂದಳು. ಹಾಡಿನ ಪುಸ್ತಕ ತೋರಿಸಲೆಂದು ಅದರ ಹೆಸರು ಒತ್ತಿದಳು. ಪರದೆಯ ಮೇಲೆ ಅದೇ ಹಳೆಯ ಪದ ಮೂಡಿತು: ಅಪರಾಧಿಗಳು.

"ಹೊರಗಿಂದ ತಯಾರಿದ್ದ ಪುಸ್ತಕಪಟ್ಟಿ ತರಿಸಿ ಕಂಪ್ಯೂಟರಿಗೆ ಹಾಕೀವ್ರೀ ಮೇಡಂ" ಎಂದ ಅಲ್ಲಿನ ಗುಮಾಸ್ತ. "ಎಲ್ಲಾ ಕಡೆ ಹಿಂಗ ಐತಿ. ನಾವೊಬ್ಬರ ಬದಲಿಸಾಕ ಬರೂದಿಲ್ಲ."

ಅವಳು ನನ್ನ ಬಳಿ ಬಂದು, ವಿದ್ಯಾರ್ಥಿಗಳತ್ತ ಬೆನ್ನು ಮಾಡಿ, ನನ್ನ ಮೇಲೆ ಅಂಗೈ ಊರಿ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು ಹಿಂತಿರುಗಿ, "ಕುಂದರ್ರಿ. ಇವತ್ತಿನ ಪಾಠ ಇದ" ಎಂದಳು.

ನಾನೀಗ ಸಾಮಾನು ಕೋಣೆಯಲ್ಲಿದ್ದೇನೆ. ಖಾನೆಗಳಲ್ಲಿ ವೈರು, ಸುಟ್ಟ ಬಲ್ಬು. ಅವಳು ಮತ್ತೆ ಬಂದಳೋ ಇಲ್ಲವೋ, ಈ ಕೋಣೆಗೆ ಸುದ್ದಿ ತಲುಪುವುದಿಲ್ಲ. ನನ್ನೊಳಗಿದ್ದ ಪದವನ್ನು ಕೈ ಹಾಕಿ ತೆಗೆಯಬಹುದಿತ್ತು, ಅವಳು ತೆಗೆದಳು. ಆ ಯಂತ್ರದೊಳಗಿನ ಪದಕ್ಕೆ ಎಲ್ಲಿಂದ ಕೈ ಹಾಕಬೇಕೋ ನನಗೆ ತಿಳಿಯದು.